ಬಯಲಿನಲ್ಲಿ ಮಲಗುವ ವಿದ್ಯೆ

ಹಾವೇರಿ ಜಿಲ್ಲೆಯ ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳನ್ನು ನಾಲ್ಕು ದಿನಗಳಲ್ಲಿ ಸೈಕಲ್ಲಿನ ಮೇಲೆ ಸುತ್ತಿ ಬರಬೇಕೆಂದು ಒಂದು ಡಿಸೆಂಬರ್ ತಿಂಗಳಿನಲ್ಲಿ ನಾವೂ ನಮ್ಮ ಐವರು ವಿದ್ಯಾರ್ಥಿಗಳೂ ಹೊರಟೆವು. ಇಳಿದುಕೊಳ್ಳಲು ವಸತಿಗೃಹವೂ ಬೇಡ, ಹೊತ್ತೊಯ್ಯಲು ಡೇರೆಯ ಭಾರವೂ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ತಲೆಗೊಂದು ಹೊದಿಕೆ, ಇಬ್ಬರಿಗೊಂದರಂತೆ ಮೂರು ಮೀಟರ್ ಚೌಕದ ತಾಡಪತ್ರಿ, ಒಂದಷ್ಟು ಹಗ್ಗ, ಕೆಲವು ಗೂಟಗಳು: ನಮ್ಮ ಮನೆಯೆಲ್ಲ ಇಷ್ಟೇ. ರೈತರು ರಾಶಿಯ ಮೇಲೆ ಹೊದಿಸುವ ಸಾಧಾರಣ ತಾಡಪತ್ರಿ ಈ ಅಳತೆಗೆ ಒಂದೂವರೆಯಿಂದ ಎರಡು ಕಿಲೋಗ್ರಾಂ ತೂಗುತ್ತದೆ. ಸಿಲಿಕೋನ್ ಲೇಪಿಸಿದ ತೆಳು ನೈಲಾನ್ ಬಟ್ಟೆಯದಾದರೆ ಅರ್ಧ ಕಿಲೋಗ್ರಾಂ ಕೂಡ ಆಗದು. ವಿದ್ಯಾರ್ಥಿಗಳಲ್ಲೊಬ್ಬನು ಇವುಗಳ ಜೊತೆಗೆ ಒಂದು ವಿಶೇಷ ವಸ್ತುವನ್ನೂ ತಂದಿದ್ದನು. ಪರ್ವತಾರೋಹಿಗಳು ‘ಬಿವಿ ಚೀಲ’ವೆಂದು ಕರೆಯುವ, ನೀರನ್ನು ಒಳಕ್ಕೆ ಬಿಡದ ಬಟ್ಟೆಯಿಂದ ಹೊಲಿದ ಆಳುದ್ದದ ಚೀಲ ಅದು. ಹೊದಿಕೆಯ ಸಮೇತ ಅದರೊಳಗೆ ಹೊಕ್ಕು ಕೊರಳವರೆಗೆ ಎಳೆದುಕೊಂಡರೆ ಬೇರೆ ಡೇರೆಯೇ ಬೇಡವೆಂದು ಅವನ ನಂಬಿಕೆ. ಆ ಚೀಲದ ಕಥೆ ಮುಂದೆ ಬರುತ್ತದೆ.

ಮೊದಲನೆಯ ದಿನ ಸವಣೂರಿನ ದೊಡ್ಡಹುಣಸೆ ಕಲ್ಮಠಕ್ಕೆ ಹೋಗಿ, ಆಫ್ರಿಕಾ ಮೂಲದ ಆ ಬೃಹದಾಕಾರದ ಬಾವೊಬಾಬ್ ಮರಗಳನ್ನು ನೋಡಿ ಊರ ಹೊರಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಫಸಲು ತೆಗೆದ ಕರಿಮಣ್ಣಿನ ಹೊಲವೊಂದರಲ್ಲಿ ಬೆಳಗಾವಿಯ ಕಡೆಯಿಂದ ಬಂದ ಕುರುಬರು ಕುರಿ ನಿಲ್ಲಿಸಿದ್ದರು. ರಾತ್ರಿ ಕುರಿಹಿಂಡು ಹೊಲದಲ್ಲಿ ತಂಗಿದರೆ ಗೊಬ್ಬರವಾಗುತ್ತದೆ. ಹೊಲದೊಡೆಯನು ಅದಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ನಾವು ಅವರ ಒಪ್ಪಿಗೆ ಪಡೆದು ಪಕ್ಕದಲ್ಲೇ ಬಿಡಾರ ಮಾಡಿದೆವು. ಆಕಾಶ ನಿರಭ್ರವಾಗಿತ್ತು, ಮಳೆಯ ಸುಳಿವಿರಲಿಲ್ಲ. ತಾಡಪತ್ರಿಯನ್ನು ಮೇಲೆ ಕಟ್ಟುವ ಬದಲು ನೆಲಕ್ಕೆ ಹಾಸಿಕೊಂಡು ನಕ್ಷತ್ರಗಳನ್ನು ನೋಡುತ್ತ ಮಲಗುವುದೇ ಚೆಂದವೆಂದು ಎಲ್ಲರಿಗೂ ತೋರಿತು. ಹಿರಿಯ ಕುರುಬನೊಬ್ಬನು ಇದನ್ನು ನೋಡಿ, “ಮಾಸ್ತರ್ರ, ಮ್ಯಾಲೊಂದು ಅರಿವಿ ಕಟ್ಟಿಕೊಂಡು ಮಕ್ಕೋರಿ. ಇಬ್ಬನಿ ಭಾಳ ಬೀಳತೈತಿ” ಎಂದನು.

ಭೌತಶಾಸ್ತ್ರ ಬೋಧಿಸುವವರಿಗೆ ಇಂಥ ಮಾತು ಕೇಳಿದಾಗ ಸುಮ್ಮನಿರಲಾಗದು. ಇಬ್ಬನಿ ಮಳೆಯಂತೆ ಮೇಲಿನಿಂದ ಬೀಳುವುದಿಲ್ಲ, ನೆಲದ ಸಮೀಪದ ಗಾಳಿಯಲ್ಲಿರುವ ನೀರಾವಿಯೇ ತಣ್ಣನೆಯ ವಸ್ತುಗಳ ಮೇಲೆ ನೀರಾಗಿ ಕೂಡುತ್ತದೆ, ಆದ್ದರಿಂದ ಮೇಲೆ ಅರಿವೆ ಕಟ್ಟುವುದರಿಂದ ಪ್ರಯೋಜನವಿಲ್ಲ ಎಂದು ನಾವು ಹುಡುಗರಿಗೂ ಅವನಿಗೂ ವಿವರಿಸಿದೆವು. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಬೀಳತೈತೋ ಏಳತೈತೋ, ಮುಂಜಾನಿ ನೋಡ್ರಿ” ಎಂದು ಹೇಳಿ ಹೊರಟುಹೋದನು.

ಮುಂಜಾನೆ ನೋಡಿದೆವು. ನಮ್ಮ ಹೊದಿಕೆಗಳನ್ನು ಹಿಂಡಿದರೆ ನೀರು ಬರುತ್ತಿತ್ತು. ಆರು ಜನರೂ ನಾಲ್ಕು ಗಂಟೆಯಿಂದಲೇ ಮುದುಡಿಕೊಂಡು ಕುಳಿತಿದ್ದೆವು. ಹತ್ತು ಮಾರು ಆಚೆ, ನಾಲ್ಕು ಕೋಲುಗಳ ಮೇಲೆ ಕಟ್ಟಿದ ಹಳೆಯ ಸೀರೆಯೊಂದರ ಕೆಳಗೆ ಕುರುಬರ ಎಳೆಯ ಮರಿಗಳು ಒಣಗಿದ ಮೈಯಿಂದ ಬೆಚ್ಚಗೆ ಮಲಗಿದ್ದವು. ಹುಟ್ಟಿ ಒಂದೆರಡು ದಿನವಾದ ಮರಿ ನೆನೆದು ಚಳಿಗೆ ಸಿಕ್ಕಿದರೆ ಉಳಿಯುವುದು ಕಷ್ಟ. ಆ ಸೀರೆ ಅವರಿಗೆ ವಿನೋದದ ವಸ್ತುವಲ್ಲ; ಜೀವನೋಪಾಯದ ಪ್ರಶ್ನೆ.

ನಮ್ಮ ಸಿದ್ಧಾಂತವೇನೋ ಸರಿಯಾಗಿತ್ತು. ಆದರೆ ಅದರಿಂದ ನಾವು ತೆಗೆದ ತೀರ್ಮಾನ ತಪ್ಪಾಗಿತ್ತು. ಇದೇ ತಪ್ಪನ್ನು ಇನ್ನೂರು ವರ್ಷಗಳ ಹಿಂದೆ ನಮಗಿಂತ ದೊಡ್ಡವರೊಬ್ಬರು ಮಾಡಿ ಒಪ್ಪಿಕೊಂಡಿದ್ದರೆಂಬುದು ನಮಗೆ ಸಮಾಧಾನ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ೧೮೧೪ರಲ್ಲಿ ಇಬ್ಬನಿಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ತೋಟಗಾರರು ಎಳೆಯ ಸಸಿಗಳ ಮೇಲೆ ತೆಳುವಾದ ಚಾಪೆಯನ್ನು ಮರೆಮಾಡಿ ಚಳಿಯಿಂದ ಕಾಪಾಡುವುದನ್ನು ಕಂಡು ತಾನು ಅರೆತಿಳಿವಿನ ಹೆಮ್ಮೆಯಿಂದ ನಗುತ್ತಿದ್ದೆನೆಂದು ಅವನು ಅದರಲ್ಲಿ ಬರೆದುಕೊಂಡಿದ್ದಾನೆ. ಆಮೇಲೆ ಅವನು ಮಾಡಿದ ಪ್ರಯೋಗಗಳು ಬಹಳ ಸರಳ. ಹತ್ತು ಗ್ರೇನ್, ಎಂದರೆ ಸುಮಾರು ೦.೬೫ ಗ್ರಾಂ ತೂಕದ ಉಣ್ಣೆಯ ಎಳೆಗಳನ್ನು ಅವನು ಇಬ್ಬನಿಯ ಮಾಪಕಗಳನ್ನಾಗಿ ಮಾಡಿಕೊಂಡನು. ಒಂದು ಹಲಗೆಯನ್ನು ನಾಲ್ಕು ಕಾಲುಗಳ ಮೇಲೆ ನಿಲ್ಲಿಸಿ ಅದರ ಮೇಲ್ಭಾಗದಲ್ಲಿ ಒಂದು ತುಂಡು ಉಣ್ಣೆಯನ್ನೂ ಕೆಳಭಾಗದಲ್ಲಿ ಇನ್ನೊಂದನ್ನೂ ಇಟ್ಟನು. ಬೆಳಿಗ್ಗೆ ತೂಗಿದಾಗ ಮೇಲಿನದು ೧೪ ಗ್ರೇನ್ ನೀರನ್ನೂ ಕೆಳಗಿನದು ಕೇವಲ ೪ ಗ್ರೇನ್ ನೀರನ್ನೂ ಹೀರಿತ್ತು. ಇನ್ನೊಮ್ಮೆ ತೆಳುವಾದ ಕರವಸ್ತ್ರವೊಂದನ್ನು ನಾಲ್ಕು ಕಡ್ಡಿಗಳ ಮೇಲೆ, ಹುಲ್ಲಿನಿಂದ ಆರು ಅಂಗುಲ ಎತ್ತರದಲ್ಲಿ ಬಿಗಿದು ಕಟ್ಟಿದನು. ಒಂದು ರಾತ್ರಿ ಬಯಲಿನ ಹುಲ್ಲು ಗಾಳಿಗಿಂತ ೧೧ ಡಿಗ್ರಿ ಫ್ಯಾರನ್‌ಹೀಟ್ ತಂಪಾಗಿದ್ದಾಗ ಕರವಸ್ತ್ರದ ಕೆಳಗಿನ ಹುಲ್ಲು ಕೇವಲ ೩ ಡಿಗ್ರಿ ತಂಪಾಗಿತ್ತು. ಕರವಸ್ತ್ರದ ಕೆಳಗೆ ಗಾಳಿ ಧಾರಾಳವಾಗಿ ಆಡುತ್ತಿತ್ತು. ಹಾಗಾದರೆ ಅದು ತಡೆದದ್ದು ಏನನ್ನು?

ಮೇಲಿನಿಂದ ಬರುವುದನ್ನಲ್ಲ, ಕೆಳಗಿನಿಂದ ಹೋಗುವುದನ್ನು. ಎಲ್ಲ ವಸ್ತುಗಳೂ ತಮ್ಮ ತಾಪಕ್ಕೆ ತಕ್ಕಂತೆ ಉಷ್ಣವನ್ನು ವಿಕಿರಣದ ರೂಪದಲ್ಲಿ ಹೊರಚೆಲ್ಲುತ್ತಿರುತ್ತವೆ. ಸ್ಟೀಫನ್‌ನ ನಿಯಮವನ್ನು ಓದಿದವರು ಲೆಕ್ಕ ಮಾಡಿ ನೋಡಬಹುದು. ಹೊದಿಕೆಯ ಹೊರಮೈ ೧೫ ಡಿಗ್ರಿ ಸೆಲ್ಸಿಯಸ್, ಎಂದರೆ ೨೮೮ ಕೆಲ್ವಿನ್ ತಾಪದಲ್ಲಿದೆಯೆಂದೂ ಅದು ಕೃಷ್ಣಕಾಯದಂತೆ ವರ್ತಿಸುತ್ತದೆಂದೂ ಭಾವಿಸೋಣ. ಆಗ ಅದು ಪ್ರತಿ ಚದರ ಮೀಟರಿಗೆ ೩೯೦ ವ್ಯಾಟ್‌ನಷ್ಟು ಉಷ್ಣವನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ನಿರಭ್ರ ರಾತ್ರಿಯಲ್ಲಿ ಆಕಾಶ ಮರಳಿ ಕೊಡುವುದು ಹೆಚ್ಚುಕಡಿಮೆ ೩೦೦ ವ್ಯಾಟ್. ಉಳಿದ ೯೦ ವ್ಯಾಟ್ ನಮಗೆ ನಷ್ಟ. ಮಲಗಿದ ಮನುಷ್ಯನ ದೇಹ ಉತ್ಪಾದಿಸುವ ಉಷ್ಣವೇ ೭೦-೮೦ ವ್ಯಾಟ್ ಎಂಬುದನ್ನು ನೆನೆದರೆ ಇದು ಎಂಥ ನಷ್ಟವೆಂದು ತಿಳಿಯುತ್ತದೆ. ಈಗ ನಡುವೆ ಒಂದು ಅರಿವೆಯನ್ನು ಕಟ್ಟಿದೆವೆನ್ನಿ. ಅದೂ ಆಕಾಶದ ಕಡೆಗೆ ವಿಕಿರಣ ಹೊಮ್ಮಿಸಿ ತಣ್ಣಗಾಗುತ್ತದೆ. ಆದರೆ ಅದರ ಎರಡು ಮೈಗಳನ್ನೂ ಗಾಳಿ ಸವರುತ್ತಿರುವುದರಿಂದ ಗಾಳಿಯ ತಾಪಕ್ಕಿಂತ ಬಹಳ ಕೆಳಗೆ ಇಳಿಯಲಾರದು. ಅದು ೧೨ ಡಿಗ್ರಿಯಲ್ಲಿ ನಿಂತಿತೆಂದರೆ ನಮ್ಮ ಕಡೆಗೆ ೩೭೪ ವ್ಯಾಟ್ ಹಿಂದಿರುಗಿಸುತ್ತದೆ. ನಷ್ಟ ೯೦ರಿಂದ ೧೬ಕ್ಕೆ ಇಳಿಯಿತು. ಆ ಅರಿವೆ ದಪ್ಪವಾಗಿರಬೇಕಾಗಿಲ್ಲ. ಮರಿಗಳಿಗೆ ಹಳೆಯ ಸೀರೆಯೇ ಸಾಕಾಗಿದ್ದು ಅದರಿಂದಲೇ. ನಾವು ಮಲಗಿದಾಗ ಕಂಡ ಆ ಸುಂದರ ನಕ್ಷತ್ರಲೋಕವೇ ನಮ್ಮ ಬಿಸುಪನ್ನು ಕುಡಿಯುತ್ತಿತ್ತು.

ಇಬ್ಬನಿಯ ಮಾತೂ ಇಲ್ಲಿಯೇ ತೀರುತ್ತದೆ. ಸಂಜೆ ಗಾಳಿಯ ತಾಪ ೨೨ ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡಾ ೬೦ ಇದ್ದರೆ ಅದರ ಇಬ್ಬನಿ ಬಿಂದು ಸುಮಾರು ೧೪ ಡಿಗ್ರಿ. ಯಾವ ವಸ್ತುವಿನ ಮೈ ಅದಕ್ಕಿಂತ ಕೆಳಗೆ ಇಳಿಯುತ್ತದೆಯೋ ಅದರ ಮೇಲೆ ನೀರು ಕೂಡುತ್ತದೆ. ಬಯಲಿಗೆ ಒಡ್ಡಿದ ಹೊದಿಕೆ ವಿಕಿರಣದಿಂದ ಗಾಳಿಗಿಂತಲೂ ತಣ್ಣಗಾಗಿ ಆ ಗೆರೆಯನ್ನು ಬೇಗ ದಾಟುತ್ತದೆ. ಅರಿವೆಯ ಕೆಳಗಿನ ಹೊದಿಕೆ ದಾಟುವುದಿಲ್ಲ. ಒಂದು ರಾತ್ರಿಯಲ್ಲಿ ಚದರ ಮೀಟರಿಗೆ ೧೦೦ರಿಂದ ೩೦೦ ಗ್ರಾಂ ಇಬ್ಬನಿ ಕೂಡುವುದು ಸಾಮಾನ್ಯ. ಕುರುಬನ ಮಾತಿನಲ್ಲಿ ‘ಬೀಳತೈತಿ’ ಎಂಬ ಕ್ರಿಯಾಪದ ಮಾತ್ರ ತಪ್ಪು. ಉಪದೇಶ ಸಂಪೂರ್ಣವಾಗಿ ಸರಿ. ನಮ್ಮದು ಇದರ ವಿಲೋಮ.

ಇಂಥ ಶಾಂತ ರಾತ್ರಿಗಳ ವಿಷಯದಲ್ಲಿ ಭಾರತೀಯ ವಿಜ್ಞಾನಿಗಳು ಕಂಡುಹಿಡಿದ ಒಂದು ವಿಚಿತ್ರವನ್ನೂ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ನೆಲವೇ ವಿಕಿರಣದಿಂದ ತಣ್ಣಗಾಗುವುದಾದರೆ ನೆಲಕ್ಕೆ ತಾಗಿದ ಗಾಳಿಯೇ ಎಲ್ಲಕ್ಕಿಂತ ತಂಪಾಗಿರಬೇಕಲ್ಲವೆ? ನಮ್ಮ ಹವಾಮಾನ ಇಲಾಖೆಯ ಎಲ್. ಎ. ರಾಮದಾಸ್ ಮತ್ತು ಆತ್ಮನಾಥನ್ ೧೯೩೨ರಲ್ಲಿ ಹಾಗಿಲ್ಲವೆಂದು ತೋರಿಸಿದರು. ಗಾಳಿಯಾಡದ ನಿರಭ್ರ ರಾತ್ರಿಗಳಲ್ಲಿ ಬರಿನೆಲದ ಮೇಲೆ ಅತಿ ತಂಪಾದ ಗಾಳಿಯಿರುವುದು ನೆಲದಲ್ಲಲ್ಲ, ಅದರಿಂದ ಒಂದು ಗೇಣಿನಿಂದ ಒಂದು ಮೊಳದವರೆಗಿನ ಎತ್ತರದಲ್ಲಿ. ಅಳತೆಯಲ್ಲೇ ದೋಷವಿರಬೇಕೆಂದು ಮೊದಮೊದಲು ಹಲವರು ಸಂದೇಹಪಟ್ಟರು. ಇದಕ್ಕೆ ‘ರಾಮದಾಸ್ ಸ್ತರ’ವೆಂಬ ಹೆಸರು ನಿಂತಿತು. ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಅವರೂ ಅವರ ಸಹೋದ್ಯೋಗಿಗಳೂ ೧೯೯೩ರಲ್ಲಿ ಇದಕ್ಕೊಂದು ವಿಕಿರಣ ಸಿದ್ಧಾಂತವನ್ನು ಪ್ರಕಟಿಸಿದರು. ನೆಲದ ಸಮೀಪದ ಗಾಳಿಯಲ್ಲಿ ತೇಲುವ ಸೂಕ್ಷ್ಮ ಧೂಳುಕಣಗಳ ಪಾತ್ರವೇ ಮುಖ್ಯವೆಂದು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಆಮೇಲೆ ನಡೆದ ಪ್ರಯೋಗಗಳು ಸೂಚಿಸುತ್ತವೆ. ಸವಣೂರಿನ ಹೊಲದಲ್ಲಿ ಇದನ್ನು ನೋಡುವ ಆಸೆಯಿಂದ ನಾವು ಒಂದು ಕೋಲಿಗೆ ಎರಡು ತಾಪಮಾಪಕಗಳನ್ನು ಕಟ್ಟಿದ್ದೆವು. ಆದರೆ ತಾಪಮಾಪಕದ ಗುಂಡು ತಾನೇ ಆಕಾಶಕ್ಕೆ ವಿಕಿರಣ ಹೊಮ್ಮಿಸಿ ತಣ್ಣಗಾಗುವುದರಿಂದ ಇಂಥ ಒರಟು ಅಳತೆಗೆ ಬೆಲೆಯಿಲ್ಲ. ಅದರ ಮೇಲೂ ಇಬ್ಬನಿ ಕೂಡಿತ್ತು!

ಎರಡನೆಯ ರಾತ್ರಿ ಶಿಗ್ಗಾಂವಿ ತಾಲ್ಲೂಕಿನಲ್ಲಿ, ಬಂಕಾಪುರದ ಕೋಟೆಯನ್ನೂ ಅಲ್ಲಿಯ ನವಿಲುಗಳನ್ನೂ ನೋಡಿದ ಮೇಲೆ, ಒಂದು ದಿಬ್ಬದ ಮೇಲೆ. ಅಂದು ಹುಡುಗರು ಮೊದಲು ಮಾಡಿದ ಕೆಲಸವೇ ಅರಿವೆ ಕಟ್ಟುವುದು. ಎರಡು ಮರಗಳ ನಡುವೆ ಹಗ್ಗವನ್ನು ವೀಣೆಯ ತಂತಿಯಂತೆ ಬಿಗಿದು ಅದರ ಮೇಲೆ ತಾಡಪತ್ರಿಯನ್ನು ಹಾಯಿಸಿದರು. ನಡುರಾತ್ರಿಗೆ ಗಾಳಿ ಎದ್ದಿತು, ಹಗ್ಗ ಕಡಿಯಿತು. ಹಗ್ಗ ಬಿಗಿದಷ್ಟೂ ಬಲವೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ನಡುವೆ W ಭಾರ ಹೊತ್ತ ಹಗ್ಗ ಎರಡೂ ಬದಿಗೆ ಅಡ್ಡಗೆರೆಯಿಂದ ೩೦ ಡಿಗ್ರಿ ಕೋನದಲ್ಲಿ ಜಗ್ಗಿದ್ದರೆ ಅದರಲ್ಲಿರುವ ಸೆಳೆತವೂ W ಆಗಿರುತ್ತದೆ. ಆದರೆ ಕೋನ ಕೇವಲ ೫ ಡಿಗ್ರಿಯಾದರೆ ಸೆಳೆತ ಅದರ ಐದೂಮುಕ್ಕಾಲು ಪಟ್ಟು. ಸ್ವಲ್ಪ ಜಗ್ಗುವಂತೆ ಕಟ್ಟಿದ ಹಗ್ಗವೇ ಬಾಳುತ್ತದೆ. ಗಾಳಿಯ ಬಲವನ್ನೂ ಲೆಕ್ಕ ಮಾಡಬಹುದು. ಗಂಟೆಗೆ ೩೬ ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಎದುರಾದರೆ ಒಂಬತ್ತು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು ೫೦ ಕಿಲೋಗ್ರಾಂ ಭಾರದಷ್ಟು ಒತ್ತಡ ಬೀಳುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಆದ್ದರಿಂದ ಗಾಳಿ ಬರುವ ಬದಿಯ ಅಂಚನ್ನು ನೆಲದವರೆಗೆ ಇಳಿಸಿ ಗೂಟಕ್ಕೆ ಬಿಗಿದು, ಇನ್ನೊಂದು ಬದಿಯನ್ನು ಮಾತ್ರ ಸೊಂಟದೆತ್ತರಕ್ಕೆ ಎತ್ತುವುದು ಜಾಣತನ. ಅಂದು ಒಂದು ಹನಿ ಇಬ್ಬನಿಯೂ ಕಾಣಲಿಲ್ಲ. ಬೀಸುವ ಗಾಳಿ ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗೆ ತಂದು ಬೆರೆಸುವುದರಿಂದ ವಸ್ತುಗಳು ಇಬ್ಬನಿ ಬಿಂದುವಿನವರೆಗೆ ತಣ್ಣಗಾಗುವುದಿಲ್ಲ.

ಹಾನಗಲ್ಲಿನ ರಾತ್ರಿ ಬೇರೆಯೇ ತೆರನಾದದ್ದು. ಇಲ್ಲಿಗೆ ಬರುವಷ್ಟರಲ್ಲಿ ಕರಿಮಣ್ಣಿನ ಬಯಲು ಮುಗಿದು ಮಲೆನಾಡಿನ ಅಂಚು ತೊಡಗುತ್ತದೆ. ಕೆರೆಗಳೂ ಭತ್ತದ ಗದ್ದೆಗಳೂ ಹೆಚ್ಚು. ತಾರಕೇಶ್ವರ ದೇವಾಲಯದ ಮಂಟಪದ ಭುವನೇಶ್ವರಿಯನ್ನು, ಒಳಮುಖವಾಗಿ ಅರಳಿದ ಆ ಕಲ್ಲಿನ ಕಮಲವನ್ನು, ನೋಡಿಕೊಂಡು ಊರಿಂದ ದೂರದ ಒಂದು ಸಣ್ಣ ಕೆರೆಯ ಕೆಳಗಿನ ತಗ್ಗಿನಲ್ಲಿ ತಂಗಿದೆವು. ಸ್ಥಳದ ಆಯ್ಕೆಯೇ ತಪ್ಪಾಗಿತ್ತು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ಅದರ ಮೇಲೆ ಗದ್ದೆ, ಕೆರೆಗಳ ಆವಿ ಬೇರೆ. ಹತ್ತು ಗಂಟೆಗಾಗಲೇ ಮಂಜು ಕವಿಯಿತು. ಬಿವಿ ಚೀಲದ ಹುಡುಗನು, “ಇವತ್ತು ನೋಡಿ ಸರ್, ನನ್ನ ಚೀಲದ ಮಹಿಮೆ” ಎಂದು ಹೇಳಿ ಅದರೊಳಗೆ ಹೊಕ್ಕು ಬಾಯಿಯ ದಾರವನ್ನು ತಲೆಯ ಮೇಲೆ ಎಳೆದುಕೊಂಡು ಮಲಗಿದನು.

ಮೂರು ಗಂಟೆಯ ಸುಮಾರಿಗೆ ಅವನ ನರಳಿಕೆಗೆ ಎಚ್ಚರವಾಯಿತು. ಚೀಲವನ್ನು ಬಿಚ್ಚಿ ನೋಡಿದರೆ ಹೊದಿಕೆಯೂ ಉಡುಪೂ ತೊಯ್ದಿದ್ದವು. ಹಲ್ಲು ಕಟಕಟಿಸುತ್ತಿದ್ದವು. ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ, ತೊದಲಿ ಬರುತ್ತಿತ್ತು. ನಿಜವಾಗಿ ಹೇಳುವುದಾದರೆ ನಾವು ಹೆದರಿದೆವು. ದೇಹದ ಒಳಗಿನ ತಾಪ ೩೭ರಿಂದ ೩೫ ಡಿಗ್ರಿಗಿಂತ ಕೆಳಕ್ಕೆ ಇಳಿದರೆ ಅಪಾಯ. ಇದಕ್ಕೆ ಹಿಮಾಲಯದ ಹಿಮವೇ ಬೇಕೆಂದಿಲ್ಲ, ನೆನೆದ ಬಟ್ಟೆಯೂ ಹದಿಮೂರು ಹದಿನಾಲ್ಕು ಡಿಗ್ರಿಯ ಗಾಳಿಯೂ ಸಾಕು. ತೊಯ್ದ ಬಟ್ಟೆಗಳನ್ನೆಲ್ಲ ಕಳಚಿ ಒಣ ಬಟ್ಟೆ ಉಡಿಸಿ ಇಬ್ಬರು ಅವನಿಗೆ ಒತ್ತಿಕೊಂಡು ಕುಳಿತರು. ಸಮೀಪದ ಕಣದಲ್ಲಿ ಭತ್ತದ ರಾಶಿ ಕಾಯುತ್ತಿದ್ದ ರೈತರೊಬ್ಬರು ನಮ್ಮ ಗದ್ದಲ ಕೇಳಿ ಓಡಿಬಂದರು. “ಏಳೋ ತಮ್ಮಾ, ಬೆಂಕಿ ಹಾಕೇನಿ, ಅಲ್ಲಿಗೆ ಬಾ” ಎಂದು ಅವನನ್ನು ಎಬ್ಬಿಸಿಕೊಂಡು ಹೋಗಿ, ತಾವು ಹೊದ್ದಿದ್ದ ಕರಿಯ ಕಂಬಳಿಯನ್ನೇ ಅವನಿಗೆ ಸುತ್ತಿದರು. ಬಿಸಿ ಚಹ ಕುಡಿದು ಗಂಟೆಯೊಳಗೆ ಹುಡುಗನು ಚೇತರಿಸಿಕೊಂಡನು.

ಚೀಲದಲ್ಲಿ ತೂತಿರಬೇಕೆಂದು ಎಲ್ಲರೂ ಹೇಳಿದರು. ಬೆಳಿಗ್ಗೆ ಪರೀಕ್ಷಿಸಿದೆವು. ಚೀಲಕ್ಕೆ ಒಂದು ಕೊಡ ನೀರು ಸುರಿದು ಮರಕ್ಕೆ ತೂಗುಹಾಕಿದೆವು. ಅರ್ಧ ಗಂಟೆ ಕಾದರೂ ಹೊರಗೆ ಒಂದು ಹನಿ ಬರಲಿಲ್ಲ. ಚೀಲ ನಿರ್ದೋಷಿ. ಹಾಗಾದರೆ ಆ ನೀರು ಎಲ್ಲಿಂದ ಬಂತು? ಹುಡುಗನ ಮೈಯಿಂದಲೇ. ನಮಗೆ ಬೆವರು ಕಾಣಿಸದಿದ್ದಾಗಲೂ ಚರ್ಮದಿಂದ ನೀರು ಸದಾ ಆವಿಯಾಗುತ್ತಿರುತ್ತದೆ. ಪ್ರತಿ ಉಸಿರಿನೊಡನೆಯೂ ಆವಿ ಹೊರಬೀಳುತ್ತದೆ. ಎರಡೂ ಸೇರಿ ಒಂದು ರಾತ್ರಿಗೆ ಸುಮಾರು ೨೦೦ರಿಂದ ೨೫೦ ಗ್ರಾಂ, ಎಂದರೆ ಒಂದು ಲೋಟದಷ್ಟು ನೀರು. ಬಯಲಿನಲ್ಲಿ ಮಲಗಿದವನಿಗೆ ಇದರ ಅರಿವೇ ಇರುವುದಿಲ್ಲ. ತಲೆಯವರೆಗೆ ಮುಚ್ಚಿದ ಚೀಲದಲ್ಲಾದರೋ ಆ ಲೋಟ ನೀರು ಹೋಗಲು ದಾರಿಯಿಲ್ಲ. ಚೀಲದ ಹೊರಮೈ ಮಂಜಿನಲ್ಲಿ ತಣ್ಣಗಾಗಿತ್ತು. ಒಳಗಿನ ಬೆಚ್ಚನೆಯ ಆವಿ ಅದಕ್ಕೆ ತಗುಲಿ ಇಬ್ಬನಿಯಾಯಿತು, ಇಬ್ಬನಿ ಹೊದಿಕೆಗೆ ಇಳಿಯಿತು. ಹೊದಿಕೆ ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಸೆರೆಹಿಡಿದ ಗಾಳಿಯಿಂದ. ಆ ಗಾಳಿಯ ಜಾಗವನ್ನು ನೀರು ಆಕ್ರಮಿಸಿತೆಂದರೆ ಮುಗಿಯಿತು; ನೀರಿನ ಉಷ್ಣವಾಹಕತೆ ಗಾಳಿಯದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು.

ಈಚೆಗೆ ಆವಿಯನ್ನು ಮಾತ್ರ ಹೊರಬಿಡುವ ಬಟ್ಟೆಗಳು ಬಂದಿವೆಯಲ್ಲ ಎಂದು ವಾಚಕರು ಕೇಳಬಹುದು. ಅಮೆರಿಕದ ರಾಬರ್ಟ್ ಗೋರ್ ೧೯೬೯ರಲ್ಲಿ, ಟೆಫ್ಲಾನ್ ಎಂದು ಹೆಸರಾದ ವಸ್ತುವಿನ ಕಾದ ಸರಳೊಂದನ್ನು ಮೆಲ್ಲಗೆ ಎಳೆದಾಗಲೆಲ್ಲ ಅದು ತುಂಡಾಗುವುದನ್ನು ಕಂಡು ಬೇಸತ್ತು ಥಟ್ಟನೆ ಜಗ್ಗಿದನು. ಅದು ಹಲವು ಪಟ್ಟು ಹಿಗ್ಗಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳ ಹಾಳೆಯಾಗಬಲ್ಲ ಪದಾರ್ಥವಾಯಿತು. ಆ ರಂಧ್ರಗಳಲ್ಲಿ ನೀರಿನ ಹನಿ ನುಗ್ಗದು, ಆವಿಯ ಅಣು ನುಸುಳುತ್ತದೆ. ಒಳ್ಳೆಯ ಬಿವಿ ಚೀಲಗಳನ್ನು ಇಂಥ ಪೊರೆಯಿಂದಲೇ ಮಾಡುತ್ತಾರೆ. ಆದರೂ ಪೊರೆ ತಾನಾಗಿ ಆವಿಯನ್ನು ಹೊರಕ್ಕೆ ದೂಡುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಷ್ಟೇ ಆವಿ ಹರಿಯುತ್ತದೆ. ಹೊರಗೆ ಗಾಳಿ ಮಂಜಿನಿಂದ ಸಂತೃಪ್ತವಾಗಿದ್ದು ಪೊರೆಯೂ ತಣ್ಣಗಿದ್ದರೆ ಆವಿ ದಾಟುವ ಮೊದಲೇ ಅದರ ಒಳಮೈಯಲ್ಲಿ ನೀರಾಗುತ್ತದೆ. ಯಾವ ಚೀಲವಾದರೂ ಸರಿ, ಮೂಗುಬಾಯಿ ಹೊರಗಿರಲೇಬೇಕು. ಇದು ನೆನೆಯುವ ಪ್ರಶ್ನೆ ಮಾತ್ರವಲ್ಲ. ನಾವು ಬಿಡುವ ಉಸಿರಿನಲ್ಲಿ ಶೇಕಡಾ ನಾಲ್ಕರಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಅದರೊಳಗೆ ತಲೆಮುಚ್ಚಿ ಮಲಗುವ ಸಾಹಸವನ್ನು ಯಾರೂ ಮಾಡಬಾರದು. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಡೇರೆಯೊಳಕ್ಕೆ ಒಯ್ಯುವುದು ಇನ್ನೂ ಘೋರ.

ಆ ರೈತರ ಕಂಬಳಿಯ ವಿಷಯಕ್ಕೆ ಬರೋಣ. ದಖನಿ ಕುರಿಯ ಕರಿಯ, ಒರಟು ಉಣ್ಣೆಯಿಂದ ಕುಣಿಮಗ್ಗದಲ್ಲಿ ನೇಯ್ದು ಹುಣಸೆಬೀಜದ ಗಂಜಿ ಕೊಟ್ಟ ಈ ಕಂಬಳಿಯನ್ನು ಮಳೆಯಲ್ಲಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರೆ, ರಾತ್ರಿ ಹೊದೆಯುತ್ತಾರೆ, ಹಗಲು ಹಾಸಿ ಕೂರುತ್ತಾರೆ. ಮೈಗೆ ಚುಚ್ಚುತ್ತದೆಂದು ನಮ್ಮ ಹುಡುಗರು ಅದನ್ನು ತಂದಿರಲಿಲ್ಲ. ಉಣ್ಣೆಯ ಎಳೆಯಲ್ಲಿ ಪ್ರಕೃತಿ ಎರಡು ವಿರುದ್ಧ ಗುಣಗಳನ್ನು ಕೂಡಿಸಿದೆ. ಅದರ ಹೊರಮೈ ಮೇಣದಂಥ ಪದಾರ್ಥದಿಂದ ಕೂಡಿದ್ದು ನೀರಿನ ಹನಿಯನ್ನು ಹಿಡಿಯುವುದಿಲ್ಲ. ಇಂಥ ಬಟ್ಟೆಯ ಎಳೆಗಳ ನಡುವಿನ ರಂಧ್ರದ ತ್ರಿಜ್ಯ ೦.೧ ಮಿಲಿಮೀಟರ್ ಇದ್ದರೆ ಮೇಲ್ಮೈ ಕರ್ಷಣವು ಗರಿಷ್ಠ ಪಕ್ಷದಲ್ಲಿ ೧೪ ಸೆಂಟಿಮೀಟರ್ ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು. (ಹತ್ತಿಯ ಡೇರೆಗೆ ಮಳೆ ಬರುವಾಗ ಒಳಗಿನಿಂದ ಬೆರಳು ತಗುಲಿಸಬಾರದೆಂದು ಹಳಬರು ಹೇಳುತ್ತಿದ್ದುದು ಈ ಕಾರಣದಿಂದಲೇ: ಬೆರಳು ಆ ಪೊರೆಯನ್ನು ಒಡೆದು ನೀರಿಗೆ ದಾರಿ ಮಾಡುತ್ತದೆ.) ಎಳೆಯ ಒಳಭಾಗವಾದರೋ ನೀರಾವಿಯನ್ನು ಆತುರದಿಂದ ಹೀರುತ್ತದೆ. ಉಣ್ಣೆ ತನ್ನ ಒಣ ತೂಕದ ಶೇಕಡಾ ೩೦ರಷ್ಟು ಆವಿಯನ್ನು ಹೀರಿಕೊಂಡ ಮೇಲೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ.

ಆವಿ ನೀರಾಗುವಾಗ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕಷ್ಟೆ? ಅದು ಕಂಬಳಿಯಲ್ಲಿಯೇ ಬಿಡುಗಡೆಯಾಗುತ್ತದೆ. ಎರಡು ಕಿಲೋಗ್ರಾಂ ತೂಕದ ಕಂಬಳಿ ಮಧ್ಯಾಹ್ನದ ಬಿಸಿಲಿನಲ್ಲಿ ಚೆನ್ನಾಗಿ ಒಣಗಿ, ರಾತ್ರಿಯ ಎಂಟು ಗಂಟೆಗಳಲ್ಲಿ ೨೦೦ ಗ್ರಾಂ ಆವಿಯನ್ನು ಹೀರಿತೆನ್ನೋಣ. ಗ್ರಾಂಗೆ ೨೪೫೦ ಜೂಲ್‌ನಂತೆ ೪,೯೦,೦೦೦ ಜೂಲ್. ಅದನ್ನು ೨೮,೮೦೦ ಸೆಕೆಂಡುಗಳಿಗೆ ಹಂಚಿದರೆ ೧೭ ವ್ಯಾಟ್. ಇದರಲ್ಲಿ ಒಂದು ಪಾಲು ಹೊರಗಿನ ಗಾಳಿಗೆ ಹೋಗುತ್ತದೆ, ನಿಜ. ಆದರೂ ಉರಿಯಿಲ್ಲದ, ಹೊಗೆಯಿಲ್ಲದ ಇಂಥ ಒಲೆಯೊಂದು ಹೊದಿಕೆಯಲ್ಲೇ ಅಡಗಿರುವುದು ಆಶ್ಚರ್ಯವಲ್ಲವೆ? ಪುಕ್ಕಟೆಯಾಗಿ ಅದು ಬರುವುದಿಲ್ಲ. ಹೀರಿದ ನೀರನ್ನು ಮರುದಿನ ಅಷ್ಟೇ ಉಷ್ಣ ಕೊಟ್ಟು ಹೊರದೂಡಬೇಕು. ಇಲ್ಲವಾದರೆ ಮರುರಾತ್ರಿಗೆ ಕಂಬಳಿ ಬರಿಯ ಹೊದಿಕೆ. ಕುರುಬರು ಬೆಳಿಗ್ಗೆ ಕಂಬಳಿಯನ್ನು ಬೇಲಿಯ ಮೇಲೆ ಹರವಿ ಹೊತ್ತು ಏರುವವರೆಗೆ ಬಿಡುವುದನ್ನು ನಾವು ಸವಣೂರಿನಲ್ಲಿ ನೋಡಿದ್ದೆವು; ಆಗ ಅದರ ಅರ್ಥ ತಿಳಿದಿರಲಿಲ್ಲ. ಕೃತಕ ನೂಲಿನ ಹೊದಿಕೆ ಆವಿಯನ್ನು ಹೀರುವುದು ಅತ್ಯಲ್ಪ. ತೂಕದಲ್ಲಿ ಮಾತ್ರ ಕಂಬಳಿ ಸೋಲುತ್ತದೆ. ಸೈಕಲ್ಲಿಗೆ ಅದು ಹೊರೆಯೇ ಅಲ್ಲ. ಬೆನ್ನ ಮೇಲೆ ಹೊತ್ತು ಬೆಟ್ಟವೇರುವವರು ಯೋಚಿಸಬೇಕು.

ಕೊನೆಯ ರಾತ್ರಿಯ ಹೊತ್ತಿಗೆ ನಾವು ಸಾಕಷ್ಟು ಕಲಿತಿದ್ದೆವು. ಹಿರೇಕೆರೂರಿನಿಂದ ಮಾಸೂರಿನ ದಿಕ್ಕಿಗೆ ಹೋಗುವಾಗ ಗುಡ್ಡಗಳು ಎದುರಾಗುತ್ತವೆ. ಊರೂರು ತಿರುಗಿ ಬಾಳಿದ ಸರ್ವಜ್ಞನ ಸೀಮೆ ಇದು. ಬಯಲಿನಲ್ಲಿ ಮಲಗುವ ವಿದ್ಯೆ ಅವನಿಗೆ ನಮಗಿಂತ ಚೆನ್ನಾಗಿ ತಿಳಿದಿದ್ದಿರಬೇಕು. ತಗ್ಗನ್ನೂ ಬಿಟ್ಟು, ನೆತ್ತಿಯನ್ನೂ ಬಿಟ್ಟು, ಇಳಿಜಾರಿನ ನಡುವೆ ಒಂದು ಹೊಲದಲ್ಲಿ ಜಾಗ ಹಿಡಿದೆವು. ಹೊಲದೊಡೆಯರು ಬಣವೆಯಿಂದ ನಾಲ್ಕು ಹೊರೆ ಭತ್ತದ ಹುಲ್ಲು ಕೊಟ್ಟರು. ಮೂರು ರಾತ್ರಿ ನಾವು ಕಡೆಗಣಿಸಿದ್ದ ದಾರಿಯೊಂದನ್ನು ಆ ಹುಲ್ಲು ಮುಚ್ಚಿತು. ಮೇಲಿನ ಹೊದಿಕೆ ಎಷ್ಟು ದಪ್ಪವಿದ್ದರೂ ಬೆನ್ನಡಿಯ ಹೊದಿಕೆ ನಮ್ಮ ಭಾರಕ್ಕೆ ಅದುಮಿ ಗಾಳಿಯನ್ನು ಕಳೆದುಕೊಳ್ಳುತ್ತದೆ. ಅಲ್ಲಿಂದ ಉಷ್ಣ ನೇರವಾಗಿ ಮಣ್ಣಿಗೆ ಹರಿಯುತ್ತದೆ. ಅದುಮಿದ ಮೇಲೂ ಎರಡು ಸೆಂಟಿಮೀಟರ್ ಉಳಿಯುವಷ್ಟು ಹುಲ್ಲು ಹಾಸಿದರೆ, ಮೈಗೂ ನೆಲಕ್ಕೂ ೧೫ ಡಿಗ್ರಿ ಅಂತರವಿದ್ದಾಗ, ಬೆನ್ನಡಿಯ ನಷ್ಟ ಸುಮಾರು ೧೮ ವ್ಯಾಟ್‌ಗೆ ಇಳಿಯುತ್ತದೆಂದು ಹುಡುಗರು ಲೆಕ್ಕ ಹಾಕಿದರು. ಹುಲ್ಲಿನ ಮೇಲೆ ತಾಡಪತ್ರಿಯೊಂದನ್ನು ಹಾಸಿ, ಉಳಿದ ಎರಡನ್ನು ಎರಡೂ ಬದಿ ತೆರೆದಿರುವಂತೆ ಮೇಲೆ ಕಟ್ಟಿದೆವು. ಬಿವಿ ಚೀಲ ಸೈಕಲ್ಲಿನ ಮೇಲೆಯೇ ಉಳಿಯಿತು. ನಿಜವಾಗಿ ಅದನ್ನು ಅಷ್ಟು ಅವಮಾನಿಸಬೇಕಾಗಿರಲಿಲ್ಲ. ಇರಚಲು ಮಳೆಯಲ್ಲಿ, ಮೇಲೆ ಅರಿವೆಯೂ ಇದ್ದು, ಬಾಯಿ ಸಡಿಲವಾಗಿ ತೆರೆದಿದ್ದರೆ ಅದಕ್ಕಿಂತ ಉಪಯುಕ್ತವಾದದ್ದು ಬೇರೆಯಿಲ್ಲ. ಡಿಸೆಂಬರಿನ ಒಣ ರಾತ್ರಿಗೆ ಅದು ಬೇಕಿರಲಿಲ್ಲ, ಅಷ್ಟೆ.

ಹುಡುಗರ ಒತ್ತಾಯದ ಮೇರೆಗೆ ವೆಲ್ಸನ ಪ್ರಯೋಗವನ್ನೂ ಅಂದು ಮಾಡಿದೆವು. ಸವಣೂರಿನ ಕುರುಬನಿಂದ ಬೇಡಿ ತಂದಿದ್ದ ಒಂದು ಹಿಡಿ ಉಣ್ಣೆಯನ್ನು ಬಿಡಿಸಿ ಎರಡು ಸಮಪಾಲು ಮಾಡಿ, ಒಂದನ್ನು ತಾಡಪತ್ರಿಯ ಕೆಳಗೆ ಒಂದು ತಟ್ಟೆಯಲ್ಲೂ ಇನ್ನೊಂದನ್ನು ಹತ್ತು ಹೆಜ್ಜೆ ದೂರದಲ್ಲಿ ಅಂಥದೇ ತಟ್ಟೆಯಲ್ಲಿ ಬಯಲಿಗೂ ಇಟ್ಟೆವು. ಬೆಳಿಗ್ಗೆ ಬಯಲಿನ ಉಣ್ಣೆಯ ತುದಿತುದಿಗೂ ಹನಿಗಳು ತೂಗುತ್ತಿದ್ದವು. ಅರಿವೆಯ ಕೆಳಗಿನದು ಬೆರಳಿಗೆ ತುಸು ತಣ್ಣಗೆ ಹತ್ತಿತಷ್ಟೆ. ನಮ್ಮ ಬಳಿ ತಕ್ಕಡಿಯಿರಲಿಲ್ಲ. ವಾಚಕರಲ್ಲಿ ಯಾರಾದರೂ ತಮ್ಮ ಮನೆಯ ಅಂಗಳದಲ್ಲೋ ಮಾಳಿಗೆಯ ಮೇಲೋ ಇದನ್ನು ಮಾಡುವುದಾದರೆ ಪ್ರಯೋಗಶಾಲೆಯ ತಕ್ಕಡಿಯನ್ನು ಉಪಯೋಗಿಸಿ, ಎರಡೂ ಪಾಲನ್ನು ಹಿಂದಿನ ಸಂಜೆ ಒಂದೇ ಕಡೆ ಇಟ್ಟು ತೂಗಿ ಗುರುತು ಹಾಕಿಕೊಳ್ಳಬೇಕು. ಒಂದು ಪಾಲಿನ ಮೇಲೆ ಆರು ಅಂಗುಲ ಎತ್ತರದಲ್ಲಿ ತೆಳು ಬಟ್ಟೆ ಕಟ್ಟಬೇಕು. ಮರ, ಗೋಡೆ, ಬೀದಿದೀಪದ ಕಂಬ ಯಾವುದೂ ಮೇಲೆ ಬಾಗಿರಬಾರದು. ಮೋಡವಿದ್ದ ರಾತ್ರಿಯಲ್ಲೊಮ್ಮೆ, ಇಲ್ಲದ ರಾತ್ರಿಯಲ್ಲೊಮ್ಮೆ ಮಾಡಿ ಹೋಲಿಸಿದರೆ ಇನ್ನೂ ಒಳ್ಳೆಯದು. ಬೆಳಗಿನ ತೂಕವನ್ನು ಸೂರ್ಯ ಮೂಡುವ ಮೊದಲೇ ತೆಗೆದುಕೊಳ್ಳಬೇಕು. ನಾವು ಉಣ್ಣೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದಂತೆಯೇ ಗುಡ್ಡದ ಮೇಲೆ ಬಿಸಿಲು ಬಂದಿತು. ಕಾಲು ಗಂಟೆಯೊಳಗೆ ಹನಿಗಳು ಒಂದೂ ಉಳಿಯಲಿಲ್ಲ.